ಬಡಿದು ನೋಡಿದ ಹಲ್ಲು

ನಮ್ಮ ಸೋದರಮಾವ ಬಡಿದು ನೋಡದ ವಸ್ತು ಶಹಾಬಾದದಿಂದ ಸೇಡಂವರೆಗೆ ಒಂದೂ ಉಳಿದಿಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ಬಿಡಿ. ಆದರೆ ಅವರು ನಿಮ್ಮ ಮನೆಗೆ ಬರುತ್ತಾರೆಂದು ಗೊತ್ತಾದರೆ ಗಾಜಿನ ಸಾಮಾನನ್ನು ಮೊದಲು ಒಳಗಿಡಿ!

ತಪ್ಪು ಅವರದಲ್ಲ. ನಲವತ್ತು ವರ್ಷ ಶಹಾಬಾದದ ಕಲ್ಲಿನ ಖಣಿಯಲ್ಲಿ ಅವರು ಮಾಡಿದ್ದೇ ಆ ಕೆಲಸ. ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ಎತ್ತಿ ನಿಲ್ಲಿಸುವುದು, ಸಣ್ಣ ಸುತ್ತಿಗೆಯಿಂದ ಒಮ್ಮೆ ತಟ್ಟುವುದು, ಕಿವಿಗೊಡುವುದು. ‘ಠಣ್’ ಎಂದರೆ ಗಟ್ಟಿ ಕಲ್ಲು, ಲಾರಿಗೆ ಹೋಗಲಿ. ‘ಥಪ್’ ಎಂದರೆ ಒಳಗೆ ಬಿರುಕು, ಬದಿಗೆ ಸರಿಯಲಿ. ನೌಕರಿಯಿಂದ ಮಾವ ನಿವೃತ್ತರಾದರೂ ಅವರ ಕೈ ನಿವೃತ್ತವಾಗಲಿಲ್ಲ. ಕಲ್ಲಂಗಡಿ, ಕೊಡ, ಬಾಗಿಲು, ಬಸ್ಸಿನ ತಗಡು ಎಲ್ಲಕ್ಕೂ ಬೆರಳಿನ ಗೆಣ್ಣಿನಿಂದ ಒಂದೊಂದು ಏಟು ಬಿದ್ದೇ ಬೀಳುತ್ತದೆ. ನನಗೆ ಗಂಡು ನೋಡಲು ಕಾಳಗಿಗೆ ಹೋದಾಗ ಆ ಮನೆಯ ಪಡಸಾಲೆಯ ಕಲ್ಲುಗಳನ್ನೆಲ್ಲ ಬಗ್ಗಿ ಬಗ್ಗಿ ಬಡಿದರಂತೆ. ಬೀಗರಾಗುವವರು ಚಹಾದ ಕಪ್ಪು ಹಿಡಿದು ಬಾಯಿ ತೆರೆದುಕೊಂಡೇ ಕುಳಿತಿದ್ದರಂತೆ. ಕೊನೆಗೆ ಮಾವ ಸೊಂಟ ಹಿಡಿದುಕೊಂಡು ಎದ್ದು, ಹುಡುಗನ ಬೆನ್ನಿಗೂ ಎರಡು ಬಡಿದು, “ಮೂರು ಕಲ್ಲು ಬಿರಕಾಗ್ಯಾವ್ರಿ. ಹುಡುಗ ಗಟ್ಟಿ ಇದ್ದಾನ” ಎಂದರು. ನನ್ನ ಮದುವೆ ಗೊತ್ತಾದದ್ದು ಹೀಗೆ! ನಮ್ಮ ಯಜಮಾನರು ಈಗಲೂ ಮಾವ ಬಂದರೆ ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತಾರೆ.

ಸಪ್ಪಳವನ್ನೇ ನಂಬಿ ಬದುಕಿದ ಇಂಥವರ ಹೆಂಡತಿಗೆ, ಅಂದರೆ ನಮ್ಮ ಅತ್ತೆಗೆ, ಕಿವಿ ಕೇಳುವುದಿಲ್ಲ. ಕಲ್ಲು ಪಾಲಿಶ್ ಮಾಡುವ ಮಷಿನ್ನಿನ ಪಕ್ಕ ವರ್ಷಗಟ್ಟಲೆ ದುಡಿದದ್ದಕ್ಕೆ ಸಿಕ್ಕ ಬಳುವಳಿ ಅದು. ಓದು ಬರಹವೂ ಬಾರದು. ಆದರೆ ಎದುರಿನವರ ಬಾಯಿ ನೋಡಿಯೇ ಮಾತು ಹಿಡಿಯುತ್ತಾರೆ! ಒಮ್ಮೆ ವಾಡಿ ಸ್ಟೇಷನ್ನಿನಲ್ಲಿ ಆಚೆ ಪ್ಲಾಟ್‌ಫಾರ್ಮಿನ ಇಬ್ಬರು ಹೆಂಗಸರು ತಮ್ಮ ಸೊಸೆಯಂದಿರನ್ನು ಬೈಯುತ್ತಿದ್ದುದನ್ನು ಈಚೆ ಕುಳಿತು ನಮಗೆ ಅಕ್ಷರಶಃ ಒಪ್ಪಿಸಿದ್ದರು. ಗಂಡಹೆಂಡಿರ ಜಗಳವೂ ಹೀಗೇ. ಮಾವ ಎದುರು ನಿಂತು ಬೈಯಬೇಕು, ಅತ್ತೆ ಬಾಯಿ ನೋಡಿ ಉತ್ತರ ಕೊಡಬೇಕು. ಮಾವ ಆಚೆ ಮುಖ ಮಾಡಿ ಬೈದರೆ ಅದು ಲೆಕ್ಕಕ್ಕಿಲ್ಲ. ದಿನಕ್ಕೆ ಮೂರು ಜಗಳ ಕಾಯಂ ಆಗಿ ನಡೆಯುತ್ತಿದ್ದವು.

ಹೀಗಿರುತ್ತ ಮಾವನ ಮೇಲಿನ ಸಾಲಿನ ಮುಂದಿನ ಆರು ಹಲ್ಲು ಒಂದೊಂದಾಗಿ ಉದುರಿದವು. ಕೊನೆಯದು ಶೇಂಗಾ ಚಿಕ್ಕಿಯಲ್ಲೇ ಉಳಿಯಿತು. ನಾವೆಲ್ಲ ಅಯ್ಯಯ್ಯೋ ಎನ್ನುತ್ತಿದ್ದರೆ ಮಾವ ಆ ಹಲ್ಲನ್ನು ತೊಳೆದು, ಸ್ಟೀಲಿನ ತಾಟಿಗೆ ಬಡಿದು, “ಹಲ್ಲಿಂದೇನೂ ತಪ್ಪಿಲ್ಲ, ವಸಡೇ ಲುಚ್ಚಾ” ಎಂದು ತೀರ್ಪು ಕೊಟ್ಟರು! ತೆಗೆದು ಹಾಕುವ ಹಲ್ಲಿನ ಸೆಟ್ ಮಾಡಿಸಿದೆವು. ಅದನ್ನೂ ಬಡಿದರು. ಥಪ್! ಸೆಟ್ಟು ಕಪಾಟಿನ ಪಾಲಾಯಿತು. ಮೇಲ್ತುಟಿ ಒಳಕ್ಕೆ ಮಡಚಿಕೊಂಡಿತು, ಮಾತು ಬಾಯೊಳಗೇ ಉಳಿಯತೊಡಗಿತು. ಮನೆ ಮಾತ್ರ ಭಾರೀ ಶಾಂತವಾಯಿತು. “ಅಂತೂ ಇಬ್ಬರಿಗೂ ಬುದ್ಧಿ ಬಂತು ನೋಡು” ಎಂದು ಅದೇ ಓಣಿಯಲ್ಲಿರುವ ನಮ್ಮವ್ವ ಸಂತೋಷಪಟ್ಟಳು. ನಾನೂ ಪಟ್ಟೆ.

ಎರಡು ವರ್ಷ ಕಳೆಯುವಷ್ಟರಲ್ಲಿ ಎಪ್ಪತ್ತು ತುಂಬಿದ ಮಾವ ಒಂದು ದಿನ ಫೋನ್ ಮಾಡಿ, “ನನಗ ಸ್ಕ್ರೂ ಹಲ್ಲು ಬೇಕವ್ವಾ” ಎಂದರು.

“ಸ್ಕ್ರೂ ಎಲ್ಲಿಗಿ ಮಾಮಾ?”

“ದವಡಿ ಎಲುಬಿಗಿ. ಕೊರದು ಕೂಡಿಸ್ತಾರಂತ.”

ಎಲುಬಿಗೆ! ಕ್ಯಾಲೆಂಡರ್ ತೂಗುಹಾಕಲು ಗೋಡೆ ಕೊರೆದರೇ ಜೀವ ಝಲ್ಲೆನ್ನುವವಳು ನಾನು. ಶಹಾಬಾದದಲ್ಲಿ ಮಾವನ ಓಣಿಗೆ ಓಣಿಯೇ ದಂಗಾಯಿತು. “ಈ ವಯಸ್ಸಿನಾಗ ಹಲ್ಲಂದ್ರ, ಎರಡನೇ ಮದುವಿ ಮಾಡ್ಕೋತಾನೇನು?” ಎಂದು ಎದುರು ಮನೆಯಾಕೆ ನನ್ನನ್ನೇ ಕೇಳಿದಳು. ಯಾಕೆ ಬೇಕು ಹಲ್ಲು ಎಂದರೆ ಮಾವನದು ಒಂದೇ ಉತ್ತರ: “ಕಟಕ ರೊಟ್ಟಿ ಕಡೀಬೇಕು.” ಸಜ್ಜೆಯ ಒಣ ರೊಟ್ಟಿಗಾಗಿ ಎಲುಬು ಕೊರೆಸಿಕೊಳ್ಳುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಹಾಲಿನಲ್ಲಿ ನೆನೆಸಿದರೆ ಅದೇ ರೊಟ್ಟಿ ಮೆತ್ತಗಾಗುವುದಿಲ್ಲವೇ?

ನಾನು ಚಿತ್ತಾಪುರದಲ್ಲಿ ಗಣಿತ ಕಲಿಸುವವಳು. ಮಾವ ಶಹಾಬಾದದಲ್ಲಿ ರೈಲು ಹತ್ತಿ, ವಾಡಿಯಲ್ಲಿ ಗಾಡಿ ಬದಲಿಸಿ ಬಂದರು. ನಾನು ಚಿತ್ತಾಪುರದಲ್ಲಿ ಹತ್ತಿದೆ. ಇಬ್ಬರೂ ಸೇಡಂನಲ್ಲಿ ಇಳಿದೆವು. ಅಲ್ಲಿಯ ಹಲ್ಲಿನ ಡಾಕ್ಟರಮ್ಮ ಎಕ್ಸ್‌ರೇ ನೋಡಿ ಮುಖ ಸಣ್ಣದು ಮಾಡಿದರು.

“ಎಲುಬು ತೆಳ್ಳಗಾಗ್ಯದ ಕಾಕಾ. ಮ್ಯಾಲ ಸಕ್ಕರಿ ಕಾಯಿಲೆ ಬ್ಯಾರೆ. ನಾಲ್ಕು ಸ್ಕ್ರೂ ಕೂಡಿಸ್ತೀನಿ. ಆದ್ರ ಎಲುಬು ಅದನ್ನ ಹಿಡೀಬೇಕು, ನಾಲ್ಕು ತಿಂಗಳು ಕಾಯಬೇಕು. ಹಿಡೀಲಿಲ್ಲಂದ್ರ ಮತ್ತೊಮ್ಮೆ ಕೊರೀಲಿಕ್ಕ ಜಾಗಾ ಇಲ್ಲ.”

“ಬ್ಯಾಡ ನಡೀ ಮಾಮಾ” ಎಂದೆ ನಾನು. ಮಾವನ ಕಣ್ಣು ಮಾತ್ರ ಕೊರೆಯುವ ಮಷಿನ್ನಿನ ಮೇಲಿತ್ತು. “ಕೊರಿಯೂ ಮುಂದ ನೀರು ಬಿಡ್ತೀರಿಲ್ಲ? ಒಣಾ ಕೊರದ್ರ ಕಲ್ಲು ಸುಡ್ತದ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಬಿಡ್ತೀವ್ರಿ. ಎಲುಬೂ ಹಂಗೇ ಸುಡ್ತದ. ನಿಮಗಿದು ಯಾರು ಹೇಳಿದ್ರು?”

“ಖಣ್ಯಾಗ ಎಲ್ಲಾರಿಗೂ ಗೊತ್ತದ” ಎಂದರು ಮಾವ.

ಕೊರೆಯುವ ದಿನ ಧೈರ್ಯ ತುಂಬಲೆಂದು ಕುರ್ಚಿಯ ಪಕ್ಕ ನಿಂತೆ. ಮಷಿನ್ ಗುಂಯ್ ಎಂದಿತು. ನಾನು ಕಣ್ಣು ಬಿಟ್ಟಾಗ ನೆಲದ ಮೇಲೆ ಮಲಗಿದ್ದೆ. ಅರ್ಧ ಬಾಯಿ ಮರಗಟ್ಟಿದ್ದ ಮಾವ ಕುರ್ಚಿಯಿಂದ ಇಳಿದು ಬಂದು ನನ್ನ ಮುಖಕ್ಕೆ ನೀರು ಚಿಮುಕಿಸುತ್ತಿದ್ದರು! ಹೇಗೂ ಬಗ್ಗಿದ್ದಾಯಿತಲ್ಲ ಎಂದು ನನ್ನ ತಲೆಯ ಬದಿಯ ಫರಸಿಯನ್ನೂ ಒಮ್ಮೆ ತಟ್ಟಿ ನೋಡಿದರೆಂದು ನರ್ಸ್ ಆಮೇಲೆ ಹೇಳಿದಳು.

ಮುಂದಿನ ನಾಲ್ಕು ತಿಂಗಳು ನಾನು ಕಂಡದ್ದೆಲ್ಲ ಗಾಬರಿ ಬೀಳುವಂಥದೇ. ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕಿಸಿಕೊಳ್ಳುತ್ತಿದ್ದ ಮನುಷ್ಯ ಸಕ್ಕರೆ ಬಿಟ್ಟರು. ಹಬ್ಬದ ಹೋಳಿಗೆ ಮುಂದಿಟ್ಟರೆ ಕೈಮುಗಿದು ಎದ್ದರು. ಮೂರು ಹೊತ್ತೂ ಅಂಬಲಿ, ಮೆತ್ತನೆಯ ಅನ್ನ. ಎಲ್ಲಕ್ಕಿಂತ ಹೆಚ್ಚಾಗಿ, ಜಗತ್ತನ್ನೆಲ್ಲ ಬಡಿದು ನೋಡಿದ ಈ ಮನುಷ್ಯ ತನ್ನ ಬಾಯಿಗೆ ಒಂದು ಬೆರಳನ್ನೂ ತಾಗಿಸಲಿಲ್ಲ!

“ಒಮ್ಮಿ ಮೆಲ್ಲಕ ಬಡದು ನೋಡು ಮಾಮಾ, ಹೊರಗಿಂದೇ” ಎಂದು ನಾನು ಚುಡಾಯಿಸಿದೆ.

“ಅಂಜಿಕಿ ಆಗ್ತದವ್ವಾ” ಎಂದರು. “ಥಪ್ ಅಂದ್ರ ಏನ್ ಮಾಡ್ಲಿ?”

ಆ ಬಾಯಿಂದ ಅಂಜಿಕೆ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ಒಂದು ರೊಟ್ಟಿಗಾಗಿ ಇಷ್ಟೊಂದು ಅಂಜುತ್ತಾರೆಯೇ ಎಂದುಕೊಂಡೆ.

ಪರೀಕ್ಷೆಯ ದಿನ ಬಂತು. ವಸಡಿನಿಂದ ಸ್ಕ್ರೂಗಳ ತಲೆ ಹೊರಗೆ ಕಾಣುವಂತೆ ಮಾಡಿದ್ದರು. ಡಾಕ್ಟರಮ್ಮ ಸ್ಟೀಲಿನ ಸಲಕರಣೆಯೊಂದರ ಹಿಡಿಯನ್ನು ತಿರುಗಿಸಿ ಹಿಡಿದು, “ಬಡದು ನೋಡ್ತೀನ್ರಿ ಕಾಕಾ. ನಮ್ಮಲ್ಲೂ ಸಪ್ಪಳಾ ಕೇಳ್ತೀವಿ” ಎಂದರು. ನಾನು ದಂಗಾದೆ. ಮಾವ ಬಾಯಿ ತೆರೆದು, ಕಣ್ಣು ಮುಚ್ಚಿ, ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದರು.

ಠಣ್. ಠಣ್. ಥಪ್. ಠಣ್.

ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ಮಾವ ಮೂರು ಬೆರಳು ಎತ್ತಿದ್ದರು. ಮೂರನೆಯದು ಹಿಡಿದಿರಲಿಲ್ಲ.

“ಹೌದ್ರಿ, ಅದನ್ನ ತೆಗೀಬೇಕು” ಎಂದರು ಡಾಕ್ಟರಮ್ಮ. “ಆದ್ರ ಉಳದ ಮೂರು ಗಟ್ಟಿ ಅವ. ಅವುಗಳ ಮ್ಯಾಲೇ ಆರೂ ಹಲ್ಲು ಕೂಡಿಸ್ತೀನಿ.” ಮಾವ ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಂಡರು. ನಾನು ಬೇರೆ ಕಡೆ ನೋಡಿದೆ.

ಹೊಸ ಹಲ್ಲು ಕೂಡಿಸಿಕೊಂಡು ಶಹಾಬಾದಕ್ಕೆ ಹೋದ ದಿನ ನಮ್ಮವ್ವ ಕಟಕ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ತಾಟಿನಲ್ಲಿಟ್ಟುಕೊಂಡು ಕಾದಿದ್ದಳು. ಮಾವ ಆ ಕಡೆ ತಿರುಗಿಯೂ ನೋಡಲಿಲ್ಲ! ನೇರ ಅಡುಗೆಮನೆಗೆ ಹೋಗಿ ಅತ್ತೆಯ ಕೈ ಹಿಡಿದು ಕರೆತಂದರು. ಬಾಗಿಲ ಬೆಳಕಿನಲ್ಲಿ ಅವರನ್ನು ಕೂಡಿಸಿ, ಎದುರಿಗೆ ತಾವೂ ಕುಳಿತು, ಒಂದೊಂದೇ ಮಾತು ಬಿಡಿಸಿ ಹೇಳಿದರು:

“ಬ್ಯಾಳಿಗಿ ಉಪ್ಪು ಭಾಳ ಹಾಕ್ತಿ. ಎರಡು ವರ್ಷದಿಂದ ಹೇಳಾಕತ್ತೀನಿ.”

ಅತ್ತೆ ಆ ಬಾಯನ್ನೇ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಕೆಂಪಾಯಿತು. “ನಿಮ್ಮ ತುಟಿ ಒಳಗ ಮಡಚಿ ಹೋಗಿತ್ತು. ನಾ ಏನಂತ ತಿಳ್ಕೊಳ್ಳಲಿ? ಉಪ್ಪಾಗಿದ್ರ ಸುಮ್ನ ಯಾಕ ಉಂಡ್ರಿ?”

“ಸುಮ್ನ ಎಲ್ಲಿ ಉಂಡೀನಿ? ದಿನಾ ಬೈಕೋತ ಉಂಡೀನಿ!”

“ಬೈದಿದ್ದು ನನಗ ಕಾಣಬೇಕಲ್ಲ!”

ಜಗಳ ಶುರುವಾಯಿತು. ಬುದ್ಧಿ ಬಂತು ಎಂದು ನಾವೆಲ್ಲ ಖುಷಿಪಟ್ಟಿದ್ದ ಆ ಎರಡು ವರ್ಷ ಅತ್ತೆಗೆ ಗಂಡನ ಒಂದು ಮಾತೂ ಸಿಕ್ಕಿರಲಿಲ್ಲ. ಪಕ್ಕದಲ್ಲೇ ಓಡಾಡಿಕೊಂಡಿದ್ದ ನಮಗೆ ಯಾರಿಗೂ ಅದು ಹೊಳೆಯಲಿಲ್ಲ. ನನಗೆ ತುಂಬ ನಾಚಿಕೆಯಾಯಿತು.

ಬೈಯುತ್ತ ಬೈಯುತ್ತಲೇ ಅತ್ತೆ ಕೈ ಚಾಚಿ, ಮಾವನ ಹೊಸ ಹಲ್ಲಿಗೆ ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿದರು. ಅವರಿಗೆ ಆ ಸಪ್ಪಳ ಕೇಳುವುದಿಲ್ಲವಲ್ಲ!

“ಏನಂತದ್ರಿ?” ಎಂದು ಕೇಳಿದರು.

ಮಾವ ತಮ್ಮ ಮುಖವನ್ನು ಇನ್ನಷ್ಟು ಬೆಳಕಿಗೆ ತಂದು ನಿಧಾನವಾಗಿ ಹೇಳಿದರು: “ಠಣ್ ಅಂತದ.”