ಗಣಪತಿಗೊಂದು ಸೀಟ್ ಬೆಲ್ಟ್

ಮನುಷ್ಯರು ಬೈದರೆ ತಿರುಗಿ ಬೈಯಬಹುದು. ವಸ್ತುಗಳು ಬೈಯಲು ಶುರು ಮಾಡಿದರೆ ಏನು ಮಾಡಬೇಕೆಂದು ನನಗೆ ಇನ್ನೂ ಗೊತ್ತಾಗಿಲ್ಲ. ಕುಕ್ಕರಿನ ಸೀಟಿಯನ್ನು ನಾನು ಬೈಗುಳದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಾಪ, ಅದು ತನ್ನ ಕೆಲಸ ಆಯಿತು ಎಂದು ಹೇಳುತ್ತದೆ ಅಷ್ಟೆ. ಆದರೆ ನಮ್ಮ ಮನೆಗೆ ಹೊಸ ಕಾರು ಬಂದ ಮೇಲೆ, ನಾನು ಸೆರಗು ಸರಿಮಾಡಿಕೊಂಡು ಕೂರುವ ಮೊದಲೇ ಅದು ಟಿಂಗ್ ಟಿಂಗ್ ಎಂದು ಗದರಿಸತೊಡಗಿತು. ಬೆಳ್ತಂಗಡಿಯ ಸರಕಾರಿ ಕಚೇರಿಯೊಂದರಲ್ಲಿ ಕೌಂಟರಿನ ಹಿಂದೆ ಕೂತು ಇಡೀ ದಿನ ಜನರಿಂದ ಬೈಸಿಕೊಳ್ಳುವುದು ನನ್ನ ಉದ್ಯೋಗ. ಅದಕ್ಕೆ ಮನೆಯ ಅಂಗಳದಲ್ಲೇ ಬೋಣಿ ಆಗುವುದು ನನಗೆ ಅಷ್ಟೇನೂ ಹಿತವಾಗಿರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಬಂಟ್ವಾಳದಲ್ಲಿ. ತೊಂಬತ್ತರ ದಶಕದಲ್ಲಿ ನಾವು ಕಾಲೇಜಿಗೆ ಹೋಗುತ್ತಿದ್ದದ್ದು ಸರ್ವಿಸ್ ಕಾರಿನಲ್ಲಿ, ಅಂದರೆ ಬಸ್ಸಿನ ಹಾಗೆ ಜನ ತುಂಬಿಸಿಕೊಂಡು ಓಡಾಡುವ ಹಳೆಯ ಅಂಬಾಸಿಡರಿನಲ್ಲಿ. ಅದರಲ್ಲಿ ಎಷ್ಟು ಜನ ಹಿಡಿಯುತ್ತಾರೆ ಎಂಬುದು ಡ್ರೈವರನ ಧೈರ್ಯಕ್ಕೆ ಬಿಟ್ಟ ವಿಷಯ. ಒಬ್ಬರು ಹೆಚ್ಚಾದರೆ ಅವರು ಡ್ರೈವರನ ಬಲಗಡೆಗೇ ಹತ್ತಿ ಕೂರುತ್ತಿದ್ದರು. ಅವನು ಕಾರಿನ ನಡುಮಧ್ಯೆ ಸರಿದು, ಸ್ಟೇರಿಂಗನ್ನು ನೆಂಟರ ಮಗುವಿನಂತೆ ಓರೆಯಾಗಿ ಹಿಡಿದುಕೊಂಡು ಓಡಿಸುತ್ತಿದ್ದ. ಅಲ್ಲಿ ಬೆಲ್ಟಿನ ಅಗತ್ಯ ಯಾರಿಗೂ ಬೀಳಲಿಲ್ಲ, ಅಲುಗಾಡಲು ಜಾಗ ಇದ್ದರೆ ತಾನೆ? ಬ್ರೇಕು ಹಾಕಿದರೆ ನಾನು ಮುಂದಿನವರ ಬೆನ್ನಿಗೆ, ಹಿಂದಿನವರು ನನ್ನ ಬೆನ್ನಿಗೆ. ಮುಂದೆ ಮೀಟರುಗಳೇನೋ ಇದ್ದವು, ಮುಳ್ಳುಗಳೆಲ್ಲ ಗಾಢನಿದ್ರೆಯಲ್ಲಿದ್ದವು. ಅಂಥ ಕಾರುಗಳಲ್ಲಿ ಬದುಕಿ ಉಳಿದದ್ದು ನಮ್ಮ ಜಾಣತನ ಎಂದೇ ನಾವು ಬಹಳ ವರ್ಷ ತಿಳಿದುಕೊಂಡಿದ್ದೆವು.

ಮದುವೆಯಾಗಿ ಮೂಡಬಿದಿರೆಗೆ ಬಂದೆ. ನಮ್ಮವರು ಇರುವುದು ಮಸ್ಕತ್‌ನಲ್ಲಿ, ಮನೆಯಲ್ಲಿ ಇರುವುದು ನಾನು ಮತ್ತು ಅತ್ತೆ. ಎರಡು ಸಾವಿರ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ರಜೆಯಲ್ಲಿ ಬಂದ ನಮ್ಮವರು ನನಗೊಂದು ಕಾರು ಬುಕ್ ಮಾಡಿದರು. ಬಣ್ಣ ಯಾವುದು ಬೇಕು ಎಂದು ನನ್ನನ್ನು ಕೇಳಲಿಲ್ಲ, ಏರ್‌ಬ್ಯಾಗ್ ಉಂಟಾ ಎಂದು ಅಂಗಡಿಯವರನ್ನು ಕೇಳಿದರು. ಆಗ ನಮ್ಮ ಕಡೆ ಅದನ್ನು ಕೇಳುವವರೇ ಕಡಿಮೆ, ಹಾಗಾಗಿ ಆ ಕಾರು ಬರುವುದು ತಡವಾಯಿತು. ಅದು ಬರುವಷ್ಟರಲ್ಲಿ ಅವರ ರಜೆ ಮುಗಿದು ಹೋಗಿತ್ತು. ಉಳಿದ ಪಾಠವೆಲ್ಲ ಶುಕ್ರವಾರದ ಫೋನಿನಲ್ಲಿ ನಡೆಯಿತು. ಕೀಲಿ ತಿರುಗಿಸಿದಾಗ ಎದುರಿನ ದೀಪಗಳೆಲ್ಲ ಒಮ್ಮೆ ಹೊತ್ತಿ ಆರಬೇಕು, ಆರದೆ ಉಳಿದದ್ದು ಏನೋ ದೂರು ಹೇಳುತ್ತಿದೆ ಎಂದು ತಿಳಿಯಬೇಕು. ಎಣ್ಣೆ ಗಿಂಡಿಯ ಚಿತ್ರ ಕೆಂಪಾಗಿ ಉಳಿದರೆ ಕಾರನ್ನು ಅಲ್ಲೇ ನಿಲ್ಲಿಸಬೇಕು. ಹೊಟ್ಟೆಯ ಮುಂದೆ ದೊಡ್ಡ ಚೆಂಡು ಹಿಡಿದು ಕೂತ ಮನುಷ್ಯನ ಚಿತ್ರ ಆರದಿದ್ದರೆ, ಸಮಯಕ್ಕೆ ಏರ್‌ಬ್ಯಾಗಿನ ಚೀಲ ಬಿಚ್ಚಿಕೊಳ್ಳುವ ಭರವಸೆ ಇಲ್ಲ. ಎದೆಗೆ ಅಡ್ಡ ಪಟ್ಟಿ ಹಾಕಿಕೊಂಡವನ ಚಿತ್ರವನ್ನು ನೋಡಿ ಅತ್ತೆ, ಜನಿವಾರ ಹಾಕಿದ ಭಟ್ರನ್ನು ಇಲ್ಲಿ ಯಾಕೆ ಕೂರಿಸಿದ್ದು ಎಂದು ಕೇಳಿದರು.

ಅತ್ತೆಯ ಬಗ್ಗೆ ಒಂದು ಮಾತು. ಅವರು ಆಡುವುದು ತುಳು. ಕನ್ನಡಕ್ಕೆ ಇಳಿಸಿದರೆ ಅದರ ಅರ್ಧ ಖಾರ ಹೋಗುತ್ತದೆ, ಉಳಿದರ್ಧವೇ ಓದುವವರಿಗೆ ಸಾಕು. ಅವರ ಮಗಳು, ಎಂದರೆ ನನ್ನ ನಾದಿನಿ, ಬೆಳ್ತಂಗಡಿಯಲ್ಲಿ ಇರುವುದರಿಂದ ಅತ್ತೆ ವಾರಕ್ಕೊಮ್ಮೆಯಾದರೂ ಕಚೇರಿಗೆ ಹೋಗುವ ನನ್ನ ಜತೆ ಹೊರಡುತ್ತಾರೆ. ಹಿಂದೆ ಕೂತರೆ ಅರ್ಧ ದಾರಿಯ ವೇಣೂರು ತಲಪುವ ಮೊದಲೇ ತಲೆ ತಿರುಗುತ್ತದೆ, ಆದ್ದರಿಂದ ಎದುರಿನ ಸೀಟು ಅವರದ್ದೇ. ಹೊಸ ಕಾರಿಗೆ ಪೂಜೆ ಆದ ದಿನ ಆ ಸೀಟಿನ ಎದುರು ನುಣ್ಣಗೆ, ಅಗಲವಾಗಿ ಖಾಲಿ ಬಿದ್ದಿದ್ದ ಜಾಗವನ್ನು ನೋಡಿ ಅವರಿಗೆ ಬಹಳ ಸಂತೋಷವಾಯಿತು. ದೇವರಿಗೆಂದೇ ಮಾಡಿಟ್ಟ ಹಾಗೆ ಉಂಟು ಎಂದು ಮುಷ್ಟಿಗಾತ್ರದ ಹಿತ್ತಾಳೆ ಗಣಪತಿಯನ್ನು ಗಟ್ಟಿ ಅಂಟು ಹಚ್ಚಿ ಅಲ್ಲಿ ಕೂರಿಸಿದರು. ಏರ್‌ಬ್ಯಾಗ್ ಎಂದು ಇಂಗ್ಲಿಷಿನಲ್ಲಿ ಬರೆದ ಅಕ್ಷರಗಳು ಗಣಪತಿಯ ಪೀಠದ ಅಡಿಗೆ ಸರಿಯಾಗಿ ಮುಚ್ಚಿಹೋದವು. ನಾನು ಮೇಲೊಂದು ಮಲ್ಲಿಗೆ ಚೆಂಡು ಇಟ್ಟು ಫೋಟೋ ತೆಗೆದೆ.

ಆ ಫೋಟೋ ಊರಿನವರೊಬ್ಬರ ಕೈಯಲ್ಲಿ ಮಸ್ಕತ್‌ಗೆ ಹೋಯಿತು. ಅದು ತಲಪಿದ ದಿನ ಶುಕ್ರವಾರ ಅಲ್ಲದಿದ್ದರೂ ಫೋನು ಬಂತು. ಕಾರು ಚಂದ ಉಂಟು ಎಂಬ ಮಾತಿಗೆ ನಾನು ಕಾಯುತ್ತಿದ್ದೆ. ನಮ್ಮವರು ನೇರವಾಗಿ ಗಣಪತಿಯ ವಿಷಯಕ್ಕೆ ಬಂದರು. ಕಾರು ಎದುರಿಗೆ ಜೋರಾಗಿ ಗುದ್ದಿದರೆ ಗಣಪತಿಯ ಅಡಿಯಲ್ಲಿರುವ ಮುಚ್ಚಳ ಬಿರಿದು ಕಣ್ಣು ಮಿಟುಕಿಸುವುದರೊಳಗೆ ಚೀಲ ಉಬ್ಬಿ ಬರುತ್ತದೆ, ಮೇಲೆ ಏನಿಟ್ಟಿದ್ದರೂ ಅದು ಕೂತವರ ಮುಖಕ್ಕೆ ಎಂದರು. ಅಮ್ಮ ಬೆಲ್ಟು ಹಾಕುತ್ತಾರಾ ಎಂದು ಕೇಳಿದರು. ಇಲ್ಲ ಎಂದೆ. ಬೆಲ್ಟು ಇಲ್ಲದವರು ಬ್ರೇಕು ಹಾಕುವಾಗಲೇ ಮುಂದಕ್ಕೆ ಜಾರಿ ಚೀಲದ ಹತ್ತಿರ ಹೋಗಿರುತ್ತಾರೆ, ಆಗ ಕಾಯಬೇಕಾದ ಚೀಲವೇ ಹೊಡೆಯುತ್ತದೆ, ಬೆಲ್ಟು ಮೈಯನ್ನು ಹಿಡಿದುಕೊಂಡರೆ ಮಾತ್ರ ಚೀಲ ತಲೆಯನ್ನು ಕಾಯುತ್ತದೆ ಎಂದು ವಿವರಿಸಿದರು. ಎರಡೂ ಗಂಡ ಹೆಂಡತಿ ಇದ್ದ ಹಾಗೆ, ಒಟ್ಟಿಗೆ ಇದ್ದರೇ ಪ್ರಯೋಜನ ಎಂದೂ ಸೇರಿಸಿದರು. ಮಸ್ಕತ್‌ನಲ್ಲಿ ಕೂತು ಮೂಡಬಿದಿರೆಯ ಹೆಂಡತಿಗೆ ಈ ಉಪಮೆ ಕೊಡುವ ಧೈರ್ಯವನ್ನು ಮೆಚ್ಚಬೇಕು. ಹಾಗಾದರೆ ನಿಮ್ಮ ಅಮ್ಮನಿಗೆ ನೀವೇ ಹೇಳಿ ಎಂದೆ. ಅಷ್ಟು ಹೊತ್ತು ಸ್ಪಷ್ಟವಾಗಿ ಕೇಳುತ್ತಿದ್ದ ಲೈನು ಆಗ ಸರಿಯಾಗಿ ಕೇಳಿಸದಾಯಿತು. ನೀನೇ ನಯವಾಗಿ ಹೇಳು ಎಂಬುದು ಮಾತ್ರ ಕೇಳಿಸಿತು.

ನಯವಾಗಿಯೇ ಹೇಳಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡು, “ಗಣಪತಿ ನನ್ನ ಮುಖಕ್ಕೆ ಬರುವುದಾ? ನಾನು ಅವನಿಗೆ ಏನು ಮಾಡಿದ್ದೇನೆ ವಾರಿಜಾ?” ಎಂದರು. ಕಾರಿನ ಪುಸ್ತಕ ಬರೆದವರಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಬೆಲ್ಟಿನ ಮಾತು ತೆಗೆದೆ. ಹಗ್ಗ ಹಾಕಿ ಕರೆದುಕೊಂಡು ಹೋಗಲು ತಾನೇನು ಹಟ್ಟಿಯ ದನವಾ ಎಂದು ಅದನ್ನೂ ಮುಗಿಸಿದರು. ನಾನೇ ಗುಟ್ಟಾಗಿ ಗಣಪತಿಯನ್ನು ಕಿತ್ತುಬಿಡಬಹುದಿತ್ತು, ಆದರೆ ಅಷ್ಟು ಎದೆ ನನಗಿಲ್ಲ. ಅತ್ತೆ ಆ ಸೀಟಿನಲ್ಲಿ ಕೂತರೆ ನನ್ನ ಕಣ್ಣು ರಸ್ತೆಯ ಮೇಲೆ ನಿಲ್ಲುತ್ತಿರಲಿಲ್ಲ. ಗಣಪತಿಯಿಂದ ಅವರ ಮೂಗಿಗೆ ಎಷ್ಟು ದೂರ ಎಂದು ಅಳೆಯುತ್ತಿತ್ತು. ಕೊನೆಗೆ ಏನೇನೋ ನೆವ ಹೇಳಿ ಅವರನ್ನು ಬಿಟ್ಟು ಹೋಗಲು ಶುರು ಮಾಡಿದೆ. ಅವರು ಬಸ್ಸು ಹಿಡಿದರು. ಶಿರ್ತಾಡಿಯ ಹತ್ತಿರ ಒಮ್ಮೆ ಅದೇ ಬಸ್ಸನ್ನು ನಾನು ಹಿಂದೆ ಹಾಕಿದಾಗ, ಕಿಟಕಿಯಲ್ಲಿ ಕೂತಿದ್ದ ಅತ್ತೆ ನನ್ನನ್ನು ನೋಡಿದರು, ಅವರ ಜತೆ ಇಡೀ ಬಸ್ಸೂ ನೋಡಿತು. ಅತ್ತೆಯ ಜೀವ ಉಳಿಸಲು ಹೋಗಿ ಊರಲ್ಲಿ ನನ್ನ ಮಾನ ಹೋಯಿತು.

ಉಳಿದದ್ದು ಕಾರಿಗೆ ಪೂಜೆ ಮಾಡಿದ ಭಟ್ರು. ಅವರ ಮನೆಗೆ ಹೋಗಿ ಚೀಲ, ಮುಚ್ಚಳ, ಅತ್ತೆಯ ಮುಖ, ಎಲ್ಲವನ್ನೂ ವಿವರಿಸಿದೆ. ಭಟ್ರ ಮುಖ ಕಪ್ಪಾಯಿತು. ಎದ್ದು ಅಂಗಳಕ್ಕೆ ಹೋದರು. ಅಲ್ಲಿ ಅವರ ಹಳೆಯ ಓಮ್ನಿ ನಿಂತಿತ್ತು, ಅದರ ಎದುರು ಭಾಗದಲ್ಲಿ ಗಣಪತಿ ಮಾತ್ರವಲ್ಲ, ದೊಡ್ಡ ಪರಿವಾರವೇ ಇತ್ತು. ಅವರು ಬಗ್ಗಿ, ತಟ್ಟಿ, ಉಗುರಿನಿಂದ ಕೆರೆದು ನೋಡಿದರು. ಇದಕ್ಕೆ ಆ ಚೀಲ ಇಲ್ಲ ಭಟ್ರೇ ಎಂದು ನಾನು ಹೇಳಿದಾಗ ದೊಡ್ಡ ಉಸಿರು ಬಿಟ್ಟು, “ಇಲ್ಲವಾ? ಬಚಾವಾಯ್ತು ವಾರಿಜಕ್ಕ” ಎಂದರು. ಚೀಲ ಇಲ್ಲದ್ದಕ್ಕೆ ಅಷ್ಟು ಸಮಾಧಾನಪಟ್ಟ ಮನುಷ್ಯನನ್ನು ನಾನು ಬೇರೆ ನೋಡಿಲ್ಲ. ಆ ಖುಷಿಯಲ್ಲೇ ಸಂಜೆ ಮನೆಗೆ ಬಂದು, ಸಿಡಿಯುವ ವಸ್ತುವಿನ ಮೇಲೆ ದೇವರನ್ನು ಕೂರಿಸುವುದು ಸರಿಯಲ್ಲ, ಬೇರೆ ಆಸನ ಕೊಡಿ ಎಂದು ಅತ್ತೆಗೆ ಹೇಳಿದರು. ಅತ್ತೆ ನನ್ನ ಕಡೆ ತಿರುಗಿ, ನೀನು ಇದನ್ನು ಮೊದಲೇ ಹೇಳುವುದಲ್ಲವಾ ಎಂದರು. ಅಪಾಯ ಅವರ ಮುಖಕ್ಕೆ ಎಂದಾಗ ಅಲುಗದವರು, ಅಪಚಾರ ಗಣಪತಿಗೆ ಎಂದಾಗ ಒಂದೇ ಕ್ಷಣದಲ್ಲಿ ಒಪ್ಪಿದ್ದರು.

ಕಾರಿನ ಕಂಪೆನಿಯವರು ಗಣಪತಿಯನ್ನು ನಾಜೂಕಾಗಿ ಬಿಡಿಸಿ, ಮುಚ್ಚಳಕ್ಕೆ ಏನೂ ಆಗಿಲ್ಲ ಎಂದು ನೋಡಿಕೊಟ್ಟರು. ಅತ್ತೆ ಅವನನ್ನು ಶಾಲಿನಲ್ಲಿ ಸುತ್ತಿ, ತಾವೇ ಹೆಣೆದ ಹಸಿರು ವಯರ್ ಚೀಲದಲ್ಲಿ ಇಟ್ಟು ಹಿಂದಿನ ಸೀಟಿನಲ್ಲಿ ಕೂರಿಸಿದರು. ಶಿರ್ತಾಡಿಯ ತಿರುವಿನಲ್ಲಿ ನಾನು ಬ್ರೇಕು ಹಾಕಿದಾಗ ಚೀಲ ಮಗುಚಿತು. ಅಲ್ಲಿಂದ ಬೆಳ್ತಂಗಡಿಯವರೆಗೆ ಅತ್ತೆ ಹಿಂದಕ್ಕೆ ಕೈ ಚಾಚಿ ಚೀಲವನ್ನು ಹಿಡಿದುಕೊಂಡೇ ಕೂತರು. ಮರುದಿನ ಅವರೇ ಹಿಂದಿನ ಸೀಟಿನ ಬೆಲ್ಟನ್ನು ಎಳೆದು, ಇದನ್ನು ಸಿಕ್ಕಿಸುವುದು ಎಲ್ಲಿಗೆ ಎಂದು ಕೇಳಿದರು. ಸಿಕ್ಕಿಸುವ ಜಾಗವೇ ಇರಲಿಲ್ಲ. ಕಾರು ಬಂದ ವಾರವೇ ನಾವು ಊರಿನ ಎಲ್ಲರಂತೆ ಸೀಟಿಗೆ ದಪ್ಪ ಕವರು ಹೊಲಿಸಿದ್ದೆವು, ಬಕಲುಗಳೆಲ್ಲ ಅದರ ಅಡಿಯಲ್ಲಿ ಹುದುಗಿದ್ದವು. ಹೊಲಿದ ಹಮೀದಾಕನನ್ನು ಕೇಳಿದರೆ, ಅದು ಕೂತವರಿಗೆ ಚುಚ್ಚುತ್ತದೆ, ಹಿಂದೆ ಯಾರು ಬೆಲ್ಟು ಹಾಕುತ್ತಾರೆ ಎಂದು ಒಳಗೆ ಹಾಕಿದ್ದು ಎಂದರು. ಹಾಕುವವರು ಯಾರು ಎಂದು ನಾನು ಹೇಳಿದ ಮೇಲೆ ನಕ್ಕು, ಅಳತೆ ನೋಡಿ ಕವರನ್ನು ಕತ್ತರಿಸಿ ಬಕಲು ಹೊರಗೆ ತೆಗೆದುಕೊಟ್ಟರು. ವಯರ್ ಚೀಲದ ಎರಡೂ ಹಿಡಿಗಳೊಳಗೆ ಬೆಲ್ಟು ತೂರಿಸಿ ಅತ್ತೆ ಟಿಕ್ ಎಂದು ಸಿಕ್ಕಿಸಿದರು. ಮುಂದೆ ಬಂದು ಕೂತರು. ನಾನು ಬೆಲ್ಟು ಹಾಕುವುದನ್ನು ನೋಡಿದರು, ಹಿಂದೆ ತಿರುಗಿ ಗಣಪತಿಯನ್ನು ನೋಡಿದರು. “ಅವನೇ ಹಾಕಿದ ಮೇಲೆ ನನ್ನದೇನು ದೊಡ್ಡಸ್ತಿಕೆ” ಎಂದು ತಮ್ಮದನ್ನೂ ಎಳೆದುಕೊಂಡರು. ನಾನು ಉಸಿರಾಡಿದ್ದು ಆಗ.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ, ಶಿರ್ತಾಡಿ ದಾಟಿ ಹೋಗುವಾಗ, ಎದುರಿನ ತಿರುವಿನಲ್ಲಿ ರಿಕ್ಷಾವನ್ನು ಹಿಂದೆ ಹಾಕುತ್ತ ಬಸ್ಸೊಂದು ನಮ್ಮ ಬದಿಗೇ ಬಂತು. ನಾನು ಎಡಕ್ಕೆ ತಿರುಗಿಸಿ ಬ್ರೇಕು ತುಳಿದೆ. ಬಸ್ಸು ಹೋಯಿತು, ಆದರೆ ಕಾರು ಮೋರಿಕಟ್ಟೆಗೆ ಮುಖ ಕೊಟ್ಟು ಗುದ್ದಿತು. ದೇವಸ್ಥಾನದ ಜಾತ್ರೆಯಲ್ಲಿ ಕದಿನ ಸಿಡಿದಂಥ ಸದ್ದು, ಕಣ್ಣಿನ ಎದುರು ಬಿಳಿ, ಪಟಾಕಿ ಸುಟ್ಟ ವಾಸನೆ. ಬೆಲ್ಟು ನನ್ನನ್ನು ಸೀಟಿಗೆ ಒತ್ತಿ ಹಿಡಿದಿತ್ತು. ಉಬ್ಬಿದ ಚೀಲ ಆಗಲೇ ಸೊರಗಿ ಮಡಿಲಿಗೆ ಬಿದ್ದಿತ್ತು, ಎಲ್ಲೆಲ್ಲೂ ಅಕ್ಕಿಹಿಟ್ಟಿನಂಥ ಪುಡಿ. ಅತ್ತೆ ಎಂದು ಕೂಗಿದೆ. ಇನ್ನೊಮ್ಮೆ ಕೂಗಿದೆ. ನನ್ನ ಜೀವಮಾನದಲ್ಲಿ ನಾನು ಅಷ್ಟು ಹೆದರಿದ್ದಿಲ್ಲ. ಆಮೇಲೆ ಆ ಬಿಳಿಯ ಒಳಗಿನಿಂದ ಅತ್ತೆಯ ಸ್ವರ ಬಂತು.

“ಬೊಬ್ಬೆ ಹಾಕಬೇಡ. ಹಿಂದೆ ಗಣಪತಿಯನ್ನು ನೋಡು.”

ನೋಡಿದೆ. ವಯರ್ ಚೀಲ ಬೆಲ್ಟಿನಲ್ಲಿ ಇದ್ದಲ್ಲೇ ಇತ್ತು. ಅತ್ತೆಯ ಕನ್ನಡಕ ಓರೆಯಾಗಿತ್ತು, ಕೂದಲೆಲ್ಲ ಪುಡಿ, ಒಂದು ಬಳೆ ಒಡೆದಿತ್ತು. ವೇಣೂರಿನ ಡಾಕ್ಟರು ಪರೀಕ್ಷಿಸಿ, ಹೆಗಲಿಂದ ಎದೆಯವರೆಗೆ ಬೆಲ್ಟಿನ ಗುರುತು ಕೆಂಪಾಗಿ ಮೂಡಿದೆ, ಬೇರೇನೂ ಇಲ್ಲ, ಬೆಲ್ಟು ಇಲ್ಲದಿದ್ದರೆ ಇದು ತಮ್ಮ ಕೈಯಲ್ಲಿ ಮುಗಿಯುವ ವಿಷಯ ಆಗಿರುತ್ತಿರಲಿಲ್ಲ ಎಂದರು. ನಾನು ಅಲ್ಲೇ ಬೆಂಚಿನಲ್ಲಿ ಕೂತು ಅತ್ತೆಯ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಸಂತೋಷಕ್ಕೆ ಅಷ್ಟು ಅಳು ಬರುತ್ತದೆ ಎಂದು ಗೊತ್ತಿರಲಿಲ್ಲ. ಅತ್ತೆ ನನ್ನ ಬೆನ್ನು ಸವರುತ್ತ, ಆಯ್ತು ಮಾರಾಯ್ತಿ, ನಾನು ಇಲ್ಲೇ ಇದ್ದೇನಲ್ಲ ಎಂದು ಸಮಾಧಾನ ಮಾಡಿದರು.

ಆಮೇಲೆ ಮನೆಗೆ ನೋಡಲು ಬಂದವರಿಗೆಲ್ಲ ಅತ್ತೆಯೇ ಕತೆ ಹೇಳಿದರು. “ಹೀಗೆ ಆಗ್ತದೆ ಅಂತ ಅವನಿಗೆ ಮೊದಲೇ ಗೊತ್ತುಂಟು. ಅದಕ್ಕೇ ಎದುರಿಂದ ಎದ್ದು ಹಿಂದೆ ಹೋಗಿ ಕೂತದ್ದು.” ಭಟ್ರು ಬಂದು, ತಾವು ಹೇಳಿದ್ದು ಸುಮ್ಮನೆ ಹೇಳಿದ್ದಲ್ಲ ಎಂದು ಕಾಫಿ ಕುಡಿದರು. ಆ ದಿನ ಕವರು ಕತ್ತರಿಸಿದ್ದು ಒಳ್ಳೆಯದಾಯಿತು ಎಂದು ಹಮೀದಾಕ ಹೇಳಿ ಕಳಿಸಿದರು. ಮಸ್ಕತ್‌ನಿಂದ ನಮ್ಮವರು, ಬಣ್ಣ ಬಿಟ್ಟು ಏರ್‌ಬ್ಯಾಗ್ ಯಾಕೆ ಕೇಳಿದ್ದೆಂದು ಈಗ ಗೊತ್ತಾಯಿತಾ ಎಂದರು. ಜೀವ ಉಳಿಸಿದ ಪುಣ್ಯ ಎಲ್ಲರಿಗೂ ಪಾಲಾದ ಮೇಲೆ ಯಾರೋ, ಹಾಗಾದರೆ ಗುದ್ದಿದ್ದು ಯಾರು ಎಂದು ಕೇಳಿದರು. “ಅದು ಇವಳು” ಎಂದು ಅತ್ತೆ ನನ್ನನ್ನು ತೋರಿಸಿದರು.

ಕಾರು ರಿಪೇರಿಯಾಗಿ ಹೊಸ ಚೀಲಗಳೊಂದಿಗೆ ಬಂದಿದೆ. ಈಗ ಅದು ಟಿಂಗ್ ಟಿಂಗ್ ಎಂದರೆ ನನಗೆ ಸಿಟ್ಟು ಬರುವುದಿಲ್ಲ, ಚೆಂಡು ಹಿಡಿದ ಮನುಷ್ಯ ಆರುವವರೆಗೆ ಭಕ್ತಿಯಿಂದ ಕಾಯುತ್ತೇನೆ. ಅತ್ತೆ ಮತ್ತೆ ನನ್ನ ಪಕ್ಕದಲ್ಲೇ ಕೂರುತ್ತಾರೆ ಎಂಬುದು ನನಗೆ ದೊಡ್ಡ ಸಮಾಧಾನ, ನನ್ನ ಡ್ರೈವಿಂಗಿಗೆ ಇದಕ್ಕಿಂತ ಒಳ್ಳೆಯ ಸರ್ಟಿಫಿಕೇಟು ಬೇಕಿಲ್ಲ ಎಂದು ನಾದಿನಿಯ ಹತ್ತಿರ ಕೊಚ್ಚಿಕೊಂಡೆ. ಬೆಲ್ಟು ಸಿಕ್ಕಿಸಿ, ಸರಿ ಕೂತಿದೆಯೋ ಎಂದು ಎರಡೆರಡು ಸಲ ಎಳೆದು ನೋಡಿ, ಹೋಗುವ ಎನ್ನುತ್ತಾರೆ ಎಂದೆ. ನಾದಿನಿ, ತನ್ನ ಗಂಡನ ಕಾರಿನಲ್ಲಿ ಅಮ್ಮ ಒಂದೇ ಸಲ ಎಳೆಯುವುದು ಎಂದಳು.