ಕಲ್ಲಬಾವಿಯಲ್ಲಿ ನಾರು ನಿಂತುಹೋದ ಬಗ್ಗೆ ಒಂದು ಅರಿಕೆ

ಕಲ್ಲಬಾವಿ, ದೇವದುರ್ಗ ತಾಲೂಕು
ಸಂಕ್ರಾಂತಿಯ ಮರುದಿನ, ೧೯೮೫

ನಮ್ಮೂರ ಆರೋಗ್ಯ ಸಮಿತಿಯನ್ನು ಅಳೆಯಲೆಂದು ರಾಯಚೂರಿನಿಂದ ಜೀಪೇರಿ ಬಂದು, ನಲವತ್ತು ನಿಮಿಷದಲ್ಲಿ ಅಳೆದು ಮುಗಿಸಿದ ಮಹಾನುಭಾವರಾದ ಮೌಲ್ಯಮಾಪನಾಧಿಕಾರಿಗಳ ಪಾದಾರವಿಂದಗಳಿಗೆ ಸಮಿತಿಯ ಅಧ್ಯಕ್ಷ ಹುಲಿಗೆಪ್ಪನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ, ತಮ್ಮ ವರದಿ ತಲುಪಿತು. ಕಟ್ಟೆಯ ಮೇಲೆ ನಿಂತು ಮೂರು ಓಣಿಗೂ ಕೇಳುವಂತೆ ಓದಿದೆ. "ಸಮಿತಿ ರಚನೆಯಾದ ಮೇಲೆ ಗ್ರಾಮದಲ್ಲಿ ನಾರಿನ ಉತ್ಪಾದನೆ ಸಂಪೂರ್ಣ ನಿಂತು, ಗುಡಿಕೈಗಾರಿಕೆ ನಾಶವಾಗಿದೆ" ಎಂಬ ಸಾಲಿಗೆ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. "ಆದಕಾರಣ ಮಂಜೂರಾದ ಕೈಪಂಪನ್ನು ಪಕ್ಕದ ಹಿರೇಕೊಳ್ಳಕ್ಕೆ ವರ್ಗಾಯಿಸತಕ್ಕದ್ದು" ಎಂಬ ಸಾಲಿಗೆ ಯಾರೂ ನಗಲಿಲ್ಲ.

ತಪ್ಪು ನಮ್ಮದೇ. ನಮ್ಮ ಸಮಿತಿಯ ಕರೆಮ್ಮ ತಮಗೆ "ವರ್ಷಾತ್ರೀ ಸಾಹೇಬ್ರ, ಊರಾಗ ಒಬ್ರಿಗೂ ನಾರು ಎದ್ದಿಲ್ರೀ" ಎಂದಾಗ, ಆ ನಾರು ತೆಂಗಿನದಲ್ಲ, ಬಾವಿನೀರಿನ ಜೊತೆ ಹೊಟ್ಟೆ ಸೇರಿ ವರ್ಷದ ಮೇಲೆ ಕಾಲಿನ ಹುಣ್ಣು ಒಡೆದುಕೊಂಡು ಎರಡು ಮೊಳ ಹೊರಗೆ ಬರುವ ಹುಳು ಎಂದು ಬಿಡಿಸಿ ಹೇಳಬೇಕಿತ್ತು. ತೆಂಗಿನ ಮರವೊಂದೂ ಇಲ್ಲದ ಊರಲ್ಲಿ ನಾರಿನ ಕೈಗಾರಿಕೆ ಕಂಡ ತಮ್ಮ ದಿವ್ಯದೃಷ್ಟಿಗೆ ತಕ್ಕ ಪರದೆ ಬರೆಯುವ ಚಿತ್ರಗಾರ ಯಾವ ನಾಟಕ ಕಂಪನಿಯಲ್ಲೂ ಹುಟ್ಟಿಲ್ಲ.

ನಮ್ಮ ಉಳಿದ ವೈಫಲ್ಯಗಳನ್ನೂ ಬರೆದುಕೊಳ್ಳಿರಿ. ಒಂದೇ ಕಾಲಿಗೆ ಮೂರು ನಾರು ಎದ್ದು ಇಂದಿಗೂ ಕುಂಟುವ ಕರೆಮ್ಮ, ಹುಣ್ಣಿನ ಕಾಲು ನೀರಿಗಿಳಿದರೆ ಹುಳು ಅಲ್ಲೇ ಮರಿ ಹಾಕುತ್ತದೆಂದು ಬಾವಿಯ ಮೊದಲ ಮೆಟ್ಟಿಲ ಮೇಲೆ ಬಡಿಗೆ ಹಿಡಿದು ಕುಳಿತು, "ಇಳದಿ ಅಂದ್ರ ಕಾಲು ಮುರೀತೀನಿ ನೋಡಲೇ" ಎಂದು ಗೌಡರ ಮಗನಿಗೂ ಹೇಳಿದಳು. ದರ್ಜಿ ಜಿಲಾನಿ ಪಾಷಾ ಮನೆಮನೆಯ ಕೊಡದ ಬಾಯಿಗೆ ಎರಡು ಪದರದ ಸೋಸುವ ಬಟ್ಟೆ ಹೊಲಿದು, ಸೋಸದ ನೀರು ಹರಾಮ್ ಎಂದು ಲಿಂಗ ಕಟ್ಟಿದವರಿಗೂ ಫರ್ಮಾನು ಹೊರಡಿಸಿದ. ಮೇಲಿಂದಲೇ ನೀರು ಸೇದಲು ಓಣಿಗೂ ಕೇರಿಗೂ ಒಂದೇ ಹಗ್ಗ, ಒಂದೇ ಗಡಗಡಿ ಎಂದು ತೀರ್ಮಾನವಾಗಲು ಏಳು ಜಗಳ ಬೇಕಾದವು. ಜಗಳಕ್ಕೆ ಯಾರೂ ಸಹಿ ಹಾಕುವುದಿಲ್ಲವಾದ್ದರಿಂದ ತಾವು "ನಡೆದ ಸಭೆಗಳು: ಸೊನ್ನೆ" ಎಂದು ಬರೆದದ್ದು ನ್ಯಾಯವೇ.

ಆದರೆ ಮಾನ್ಯರೇ, ಯುಗಾದಿಗೆ ಬಾವಿಯ ನೀರು ತಳ ಹಿಡಿಯುತ್ತದೆ, ಹಗ್ಗ ಮುಟ್ಟುವುದಿಲ್ಲ. ಪಂಪು ಬಾರದಿದ್ದರೆ ಜನ ಮತ್ತೆ ಮೆಟ್ಟಿಲು ಇಳಿಯುತ್ತಾರೆ. ಒಬ್ಬ ಕರೆಮ್ಮ ಎಷ್ಟು ಮಂದಿಯನ್ನು ತಡೆದಾಳು? ಹಿರೇಕೊಳ್ಳಕ್ಕೂ ಪಂಪು ಬೇಕು, ಅವರಿಗೆ ಇನ್ನೊಂದು ಕೊಡಿರಿ. ನಮ್ಮದನ್ನು ಒಯ್ಯಲೇಬೇಕೆಂದಿದ್ದರೆ, ಬೇಸಿಗೆಯ ಮಟ್ಟಿಗೆ ನಮ್ಮ ನೀರಡಿಕೆಯನ್ನೂ ಅಲ್ಲಿಗೇ ವರ್ಗಾಯಿಸುವ ಆದೇಶವೊಂದನ್ನು ಮೂರು ಪ್ರತಿಗಳಲ್ಲಿ ದಯಪಾಲಿಸಬೇಕು.

ಎರಡೂ ಕಾಲಿನ ಮೇಲೆ ನಿಂತು ಬರೆಯುತ್ತಿರುವ
ತಮ್ಮ ವಿಶ್ವಾಸಿ,
ಹುಲಿಗೆಪ್ಪ

ತಾ.ಕ.: "ನಾರು ಬೇಕಾದಷ್ಟು ಅದಾವ್ರೀ" ಎಂದ ಹಿರೇಕೊಳ್ಳಕ್ಕೆ ತಾವು ಮೊದಲ ದರ್ಜೆ ಕೊಟ್ಟು, ಸಂತೋಷಕ್ಕೆ ಅಲ್ಲಿಯ ಬಾವಿಗಿಳಿದು ಬೊಗಸೆತುಂಬ ಕುಡಿದಿರೆಂದು ತಿಳಿಯಿತು. ಬರುವ ಸಂಕ್ರಾಂತಿಯ ಹೊತ್ತಿಗೆ ಪಾದದಲ್ಲಿ ಬೊಬ್ಬೆ ಎದ್ದು ಉರಿಯತೊಡಗಿದರೆ ಎಳೆಯಬೇಡಿರಿ, ಹುಳು ಒಳಗೇ ಹರಿದು ತುಂಡಾಗುತ್ತದೆ. ನಮ್ಮಲ್ಲಿಗೆ ಬರ್ರಿ. ಕಡ್ಡಿಗೆ ಸುತ್ತಿ ದಿನಕ್ಕೆ ಒಂದು ಬೆರಳಿನಷ್ಟು ಹೊರತೆಗೆಯುವುದು ಕರೆಮ್ಮನಿಗೆ ಬರುತ್ತದೆ. ಅಂದು ತಾವು ಉತ್ಪಾದನೆಯನ್ನು ಖುದ್ದಾಗಿ ಅಳೆದುಕೊಳ್ಳಬಹುದು.