ಹೆತ್ತವರು ಹೊಗಳಬಾರದು

ಮಗಳು ಬುದ್ಧಿವಂತೆಯಾದರೆ ಅಪ್ಪನ ನೆಮ್ಮದಿಗೆ ಸಂಚಕಾರ ಎನ್ನುವುದು ಲಿಫ್ಟ್ ಮೇಸ್ತ್ರಿಗಳ ದೂರು. ಊರಿನ ಅರ್ಧದಷ್ಟು ಲಿಫ್ಟುಗಳು ಮೇಲೆ ಕೆಳಗೆ ಓಡಾಡುತ್ತಿದ್ದುದು ಅವರ ಕೈಗುಣದಿಂದ. (ಅವರೇ ವಾಸವಿದ್ದ ಕಟ್ಟಡದ ಲಿಫ್ಟ್ ಮಾತ್ರ ಮೂರನೇ ಮಹಡಿ ದಾಟಿದ ಮೇಲೆ ಯೋಚನೆ ಮಾಡಲು ನಿಂತುಬಿಡುತ್ತಿತ್ತು. "ನಾಳೆ ನೋಡ್ತೀನಿ" ಎಂದು ಅವರು ಹೇಳಿ ಬಹಳ ಕಾಲವಾಗಿತ್ತು.) ಅಂಥವರಿಗೆ ಮಗಳನ್ನು ಮೇಲಕ್ಕೆ ಕಳಿಸುವ ಗುಂಡಿ ಯಾವುದೆಂದು ತಿಳಿಯದೆ ತಲೆ ಕೆಟ್ಟುಹೋಗಿತ್ತು.

ಮನೆಯವರೆಲ್ಲ ಚೂಟಿ ಎಂದು ಕರೆಯುವ ಆ ಮಗಳಿಗೆ ದೇಶದಲ್ಲೇ ಸೀಟು ಸಿಗಲು ಅತಿ ಕಷ್ಟವಾದ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದುವ ಆಸೆ. ಅಲ್ಲಿ ಮೇಸ್ತ್ರಿಗಳ ಸಮುದಾಯದವರು ಬೆರಳೆಣಿಕೆಯಷ್ಟು. ಹಾಗೆ ನೋಡಿದರೆ ಆ ನೆಲಕ್ಕೆ ಎಲ್ಲರಿಗಿಂತ ಮೊದಲು ಬಂದವರು ಇವರೇ, ಮೂಲನಿವಾಸಿಗಳು. ಊರು, ರಸ್ತೆ, ವಿಶ್ವವಿದ್ಯಾಲಯ ಎಲ್ಲ ಆಮೇಲೆ ಬಂದವು. ಆದರೂ ಒಳಗೆ ಹೋಗಲು ಅರ್ಜಿ ಹಾಕಬೇಕಾದವರು ಇವರು!

"ನಿನ್ನ ಪ್ರಬಂಧದಲ್ಲಿ ಕಾಡು ಹಾಕು" ಎಂದು ಮೇಸ್ತ್ರಿಗಳು ಒಂದು ದಿನ ಊಟಕ್ಕೆ ಕೂತಾಗ ತಮ್ಮ ಯುದ್ಧತಂತ್ರವನ್ನು ಬಯಲು ಮಾಡಿದರು. "ದಟ್ಟ ಕಾಡು. ಪಕ್ಕದಲ್ಲಿ ಒಂದು ಹೊಳೆ. ಓದೋರು ಕರಗಿ ನೀರಾಗಬೇಕು."

"ಅಪ್ಪಾ, ನಾನು ನೋಡಿರೋ ಕಾಡು ಅಂದ್ರೆ ಬಾಲ್ಕನಿಯ ಆ ಕುಂಡ. ಅದಕ್ಕೂ ನೀನು ನೀರು ಹಾಕದೆ ಒಣಗಿಸಿದ್ದೀಯ."

"ಅದನ್ನೇ ಬರಿ ಮತ್ತೆ! ಕಾಡು ನಾಶ ಅಂತ."

ಯೂನಿಫಾರ್ಮ್ ಹೊಲಿಯುತ್ತಿದ್ದ ಹೆಂಡತಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, "ರೀ, ನಾಲ್ಕು ಮರ ಒಟ್ಟಿಗೆ ಕಂಡ್ರೆ ಹಾವಿದೆ ಅಂತ ಓಡೋರು ನೀವು. ನಿಮಗ್ಯಾಕೆ ಕಾಡಿನ ಉಸಾಬರಿ?" ಎಂದಳು. (ಬಾಯಲ್ಲಿ ಸೂಜಿ ಇದ್ದಾಗ ಅವಳ ಮಾತು ಇನ್ನೂ ಮೊನಚು.)

ಚೂಟಿಯ ತಂತ್ರ ಬೇರೆಯೇ ಇತ್ತು. ಅಪ್ಪ ಹೇಳಿದಂತೆ ಕಂಡಕಂಡಲ್ಲಿಗೆಲ್ಲ ಅರ್ಜಿ ಗುಜರಾಯಿಸದೆ ಅವಳು ಮೂರೇ ಕಡೆ ಹಾಕಿದ್ದಳು. "ಒಂದು ಆಕಾಶ, ಒಂದು ಅಟ್ಟ, ಒಂದು ನೆಲ. ಆಕಾಶದಿಂದ ಬಿದ್ದರೆ ಅಟ್ಟ, ಅಟ್ಟದಿಂದ ಬಿದ್ದರೆ ನೆಲ" ಎಂದು ವಿವರಿಸಿದ್ದಳು. ಆಕಾಶದಲ್ಲಿ ಆಗಲೇ ಓದುತ್ತಿದ್ದ ತಮ್ಮ ಜನರ ಹುಡುಗಿಯೊಬ್ಬಳನ್ನು ಫೋನಿನಲ್ಲಿ ಹಿಡಿದು, ಅಕ್ಕಾ ಅಕ್ಕಾ ಎಂದು ಬೆನ್ನುಬಿದ್ದು, ಅಲ್ಲಿಯವರಿಗೆ ಏನು ಬೇಕು, ಏನು ಬೇಡ ಎಂದು ತಿಳಿದುಕೊಂಡಿದ್ದಳು. ಅರ್ಜಿ ಮೊದಲ ಸುತ್ತು ಗೆದ್ದು ಆಕಾಶದಿಂದ ಸಂದರ್ಶನಕ್ಕೆ ಕರೆಯೂ ಬಂತು, ಮನೆಯಿಂದಲೇ, ವಿಡಿಯೊದಲ್ಲಿ.

ಅಲ್ಲಿಗೆ ಬಂತು ಪೀಕಲಾಟ. ಸಂದರ್ಶನ ಎಂದರೆ ನಮ್ಮನ್ನು ನಾವೇ ಹೊಗಳಿಕೊಳ್ಳುವ ಮಹಾಯಜ್ಞ ತಾನೇ? ಮೇಸ್ತ್ರಿಗಳ ಜನರಲ್ಲಿ ಅದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ. ತನ್ನನ್ನು ತಾನು ಹೊಗಳಿಕೊಳ್ಳುವಂತಿಲ್ಲ. ಹೆತ್ತವರು ಮಕ್ಕಳನ್ನು ಹೊಗಳುವಂತಿಲ್ಲ, ಅದೂ ತಮ್ಮನ್ನೇ ಹೊಗಳಿಕೊಂಡ ಹಾಗೆ. ಯಾರಾದರೂ "ಮಗು ಚೆನ್ನಾಗಿದೆ" ಎಂದರೆ "ಅಯ್ಯೋ, ಬರೀ ಅಳುಮುಂಜಿ" ಎನ್ನಬೇಕು. ಹೊಗಳುವ ಅಧಿಕಾರವೆಲ್ಲ ಸೋದರತ್ತೆಗೆ. ಚೂಟಿಯ ಸೋದರತ್ತೆ, ಅಂದರೆ ಮೇಸ್ತ್ರಿಗಳ ಅಕ್ಕ, ಶಾಲಾ ಬಸ್ಸಿನ ಡ್ರೈವರು. ಅವಳ ಗಂಟಲಿನ ಮುಂದೆ ಬಸ್ಸಿನ ಹಾರ್ನು ಯಾವ ಲೆಕ್ಕಕ್ಕೂ ಇಲ್ಲ.

ಮೇಸ್ತ್ರಿಗಳು ಟೈ ಕಟ್ಟಿ, ತಾವೇ ಸಮಿತಿಯಾಗಿ ಮಗಳಿಗೆ ತರಬೇತಿ ಕೊಡಲು ಕೂತರು.

"ಹೇಳಮ್ಮ, ನೀನು ಮಾಡಿರೋ ದೊಡ್ಡ ಕೆಲಸ ಯಾವುದು?"

"ಅಂಥದ್ದೇನಿಲ್ಲ ಸಾರ್."

"ಕೆಟ್ಟೆ! ನಾಚಿಕೆ ಬಿಟ್ಟು ಹೇಳು. ನಾನು ಇಂಥವಳು, ನಾನು ಅಂಥವಳು ಅಂತ!"

"ಹಾಗಾದ್ರೆ ನೀನೇ ಒಂದ್ಸಲ ಹೇಳಿ ತೋರಿಸಪ್ಪ. ನಾನು ಒಳ್ಳೇ ಮೇಸ್ತ್ರಿ ಅಂತ."

ಮೇಸ್ತ್ರಿಗಳು ಬಾಯಿ ತೆರೆದರು. ಟೈ ಸಡಿಲಿಸಿದರು. ನೀರು ಕುಡಿದರು. "ಏನೋ... ಹೊಟ್ಟೆಪಾಡು" ಎಂಬುದಷ್ಟೇ ಹೊರಬಿತ್ತು.

ಚೂಟಿ ನಕ್ಕಳು. "ಬಿಡಪ್ಪ. ನಾನು ಅವರನ್ನೇ ಕೇಳಿದ್ದೀನಿ. ನಮ್ಮಲ್ಲಿ ಹೀಗಿದೆ, ನನ್ನ ಪರವಾಗಿ ನಮ್ಮತ್ತೆ ಮಾತಾಡಬಹುದಾ ಅಂತ. ಒಪ್ಪಿದ್ದಾರೆ, ಕೊನೆಯ ಹತ್ತು ನಿಮಿಷ ಮನೆಯವರೊಬ್ಬರದು."

ಹೀಗೂ ಕೇಳಬಹುದೇ ಎಂದು ಮೇಸ್ತ್ರಿಗಳು ಬೆರಗಾದರು. ಇಷ್ಟು ವರ್ಷ ಮುಚ್ಚಿದ ಬಾಗಿಲು ಕಂಡರೆ ಅವರು ಸುಮ್ಮನೆ ವಾಪಸ್ಸು ಬರುತ್ತಿದ್ದರು.

ಸಂದರ್ಶನದ ದಿನ ಚೂಟಿ ಗಣಿತ, ಯಂತ್ರ ಎಂದು ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಕೊಟ್ಟಳು. ಪರದೆಯಲ್ಲಿ ಕನ್ನಡಕದ ಪ್ರೊಫೆಸರಮ್ಮನೂ ಇನ್ನಿಬ್ಬರೂ ತಲೆದೂಗಿದರು. "ಸರಿ, ನಿಮ್ಮತ್ತೆ ಎಲ್ಲಿ?" ಎಂದರು.

ಅತ್ತೆ ಇರಲಿಲ್ಲ. ಆದರೆ ಗೋಡೆಯಾಚೆಯಿಂದ, ಪಾತಾಳದಿಂದ ಬಂದಂತೆ ಒಂದು ಧ್ವನಿ ಕೇಳಿಸಿತು: "ಲೋ ತಮ್ಮಾ! ನಿನ್ನ ಲಿಫ್ಟಿಗೆ ಬೆಂಕಿ ಬೀಳ! ಮಧ್ಯದಲ್ಲಿ ನಿಂತಿದೆಯಲ್ಲೋ!"

ಮೇಸ್ತ್ರಿಗಳು ಸಲಕರಣೆಯ ಚೀಲ ಹಿಡಿದು ಓಡಲು ಎದ್ದರು. ಚೂಟಿ ಚೀಲ ಕಿತ್ತುಕೊಂಡಳು. "ನೀನು ಮಾತಾಡಪ್ಪ. ನನ್ನ ಬಗ್ಗೆ ನಾನು ಹೇಳೋಕಾಗಲ್ಲ. ಆ ಲಿಫ್ಟು ನಿನಗಿಂತ ನನಗೇ ಚೆನ್ನಾಗಿ ಗೊತ್ತು" ಎಂದವಳೇ ಸಮಿತಿಗೆ ಕೈಮುಗಿದು ಮೆಟ್ಟಿಲ ಕಡೆ ಹಾರಿದಳು.

ಪರದೆಯೆದುರು ಮೇಸ್ತ್ರಿಗಳು ಒಬ್ಬರೇ ಉಳಿದರು. ಹೊಗಳಬೇಕು, ಹೊಗಳಲೇಬೇಕು ಎಂದು ಹಲ್ಲು ಕಚ್ಚಿ ಬಾಯಿ ತೆರೆದರು. ಅಜ್ಜ ಮುತ್ತಜ್ಜಂದಿರೆಲ್ಲ ಗಂಟಲಲ್ಲಿ ಅಡ್ಡ ಕೂತರು.

"ಮಗಳಾ? ಅಯ್ಯೋ... ಹೇಳಿದ ಮಾತು ಕೇಳಲ್ಲ ಮೇಡಂ. ಕೆಟ್ಟಿದ್ದು ಕಣ್ಣಿಗೆ ಬಿದ್ದರೆ ಬಿಚ್ಚಿಬಿಡ್ತಾಳೆ. ಮೊನ್ನೆ ಇವಳ ಅಮ್ಮನ ಹೊಲಿಗೆ ಮಿಷನ್ ಬಿಚ್ಚಿ ಹರಡಿದ್ಲು."

"ಆಮೇಲೆ?"

"ಸರಿಹೋಯ್ತು. ಆದ್ರೆ ಕೇಳದೆ ಬಿಚ್ಚೋದು ತಪ್ಪಲ್ವಾ?" ಮಿಷನ್ ಹಿಂದೆ ಹೆಂಡತಿ ಹಣೆ ಚಚ್ಚಿಕೊಳ್ಳುತ್ತಿದ್ದುದು ಕಂಡಿತು. ಆದರೆ ಬ್ರೇಕು ಫೇಲಾಗಿತ್ತು. "ಮಹಾ ಹಟಮಾರಿ. ಮೇಲಿನ ಮಹಡಿ ಅಜ್ಜಿಗೆ ಮೆಟ್ಟಿಲು ಹತ್ತೋಕಾಗಲ್ಲ. ಓದೋದು ಬಿಟ್ಟು ಅವರ ಸಾಮಾನು ಹೊತ್ತಳು. ಸಾಲದು ಅಂತ ರಾಟೆ ಮಾಡಿ ಅವರ ಬಾಲ್ಕನಿಗೆ ಕಟ್ಟಿದಳು. ಈಗ ಇಡೀ ಕಟ್ಟಡ ಬುಟ್ಟಿ ಎಳೆಯುತ್ತೆ! ಲಿಫ್ಟ್ ಮೇಸ್ತ್ರಿ ಮನೆ ಮುಂದೆಯೇ ಹಗ್ಗ ಇಳಿಬಿದ್ದರೆ ನನ್ನ ಮಾನ ಏನಾಗಬೇಕು ಹೇಳಿ? ಎದುರು ಮಾತು ಬೇರೆ. ನಿನ್ನ ಲೆಕ್ಕ ತಪ್ಪು ಅಂತ ನನಗೇ ಹೇಳ್ತಾಳೆ."

"ತಪ್ಪಾಗಿತ್ತಾ?"

"...ಆಗಿತ್ತು."

ಚೂಟಿ ಲಿಫ್ಟನ್ನು ಮೆಲ್ಲಗೆ ಮಹಡಿಗೆ ತಂದು ಬಾಗಿಲು ತೆರೆಸಿ, ಅತ್ತೆಯನ್ನು ಕರೆತರುವಷ್ಟರಲ್ಲಿ ಹೊತ್ತು ಮುಗಿದು ಪರದೆ ಕಪ್ಪಾಗಿತ್ತು. ಮೇಸ್ತ್ರಿಗಳು ಆಡಿದ್ದನ್ನೆಲ್ಲ ಒಪ್ಪಿಸಿ ತಲೆ ಮೇಲೆ ಕೈ ಹೊತ್ತು ಕೂತರು. ಅಕ್ಕ ಸೆರಗು ಕೊಡವುತ್ತ, "ಬಂಗಾರದಂಥ ಸೊಸೆಯ ಬಾಯಿಗೆ ನೀನೇ ಮಣ್ಣು ಹಾಕಿದೆಯಲ್ಲೋ!" ಎಂದು ಶುರುಮಾಡಿದಳು. ಚೂಟಿ ಅಪ್ಪನಿಗೆ ಒಂದು ಲೋಟ ನೀರು ತಂದುಕೊಟ್ಟಳು. ಅದೇ ಮೇಸ್ತ್ರಿಗಳಿಗೆ ತಡೆಯಲಾಗಲಿಲ್ಲ. ಅನ್ನ ಸೇರಲಿಲ್ಲ. ಮಗಳ ಆಕಾಶಕ್ಕೆ ತಾವೇ ಬೀಗ ಜಡಿದೆವೆಂದು ಕೊರಗಿ ಅರ್ಧವಾದರು.

ಕೆಲವು ವಾರಗಳ ಮೇಲೆ, ಶಾಲೆ ಬಿಡುವ ಹೊತ್ತಿಗೆ ಪ್ರೊಫೆಸರಮ್ಮನೇ ಫೋನು ಮಾಡಿದರು. ಸೀಟು ಸಿಕ್ಕಿತ್ತು! "ನಿಮ್ಮ ತಂದೆಯವರು ಮಾಡಿದಂಥ ದೂರುಗಳನ್ನ ನಾವು ಈವರೆಗೆ ಕೇಳಿರಲಿಲ್ಲ. ಅವೆಲ್ಲ ಇಲ್ಲೂ ಮಾಡ್ತೀಯಲ್ವಾ?" ಎಂದು ಚೂಟಿಯನ್ನು ಕೇಳಿದರಂತೆ.

ಸುದ್ದಿ ತಿಳಿದ ಅಕ್ಕ ಮಕ್ಕಳು ತುಂಬಿದ ಬಸ್ಸನ್ನು ಬೀದಿಯಲ್ಲೇ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿ ಅಧಿಕೃತವಾಗಿ ಹೊಗಳತೊಡಗಿದಳು. ಬುದ್ಧಿ ಅತ್ತೆಯದಂತೆ, ಧೈರ್ಯ ಅತ್ತೆಯದಂತೆ, ಮೂಗು ಕೂಡ ಅತ್ತೆಯದಂತೆ! ಬಾಗಿಲು ಬಾಗಿಲಲ್ಲಿ ಜನ ನಿಂತು ಕೇಳಿದರು. ಮೇಸ್ತ್ರಿಗಳು ತುಟಿ ಬಿಗಿಹಿಡಿದು ನಿಂತರು. ಆನಂದ ಹೊಟ್ಟೆಯಿಂದ ಎದೆಗೆ, ಎದೆಯಿಂದ ಗಂಟಲಿಗೆ ಏರುತ್ತಲೇ ಇತ್ತು.

"ಅವಳು ನನ್ನ ಮಗಳು!" ಎಂದು ಕೂಗಿಯೇಬಿಟ್ಟರು. "ಇಡೀ ಊರಲ್ಲಿ ಅಂಥ ಹುಡುಗಿ ಇಲ್ಲ!"

ಬಸ್ಸಿನ ಮಕ್ಕಳೆಲ್ಲ ಕಿಟಕಿಗೆ ಮುಗಿಬಿದ್ದರು. ಹೆಂಡತಿಯ ಬಾಯಿಂದ ಗುಂಡುಸೂಜಿಗಳು ಉದುರಿದವು.

"ಹೆತ್ತವನೇ ಹೊಗಳಿದ!" ಅಕ್ಕ ಬಸ್ಸಿನಿಂದಿಳಿದು ಸೊಂಟಕ್ಕೆ ಕೈಯಿಟ್ಟಳು. "ದಂಡ ಕೊಡಬೇಕು. ಕೇಳಿಸಿಕೊಂಡವರಿಗೆಲ್ಲ ನೀನೇ ಅಡುಗೆ ಮಾಡಿ ಊಟ ಹಾಕಬೇಕು."

"ಅಂಥ ನಿಯಮ ನಮ್ಮಲ್ಲಿ ಎಲ್ಲಿದೆ ಅಕ್ಕಾ?"

"ಈಗ ಬಂತು. ಮಾತು ವಾಪಸ್ ತಗೋತೀಯೋ, ಊಟ ಹಾಕ್ತೀಯೋ?"

ಮೇಸ್ತ್ರಿಗಳು ಬಸ್ಸಿನ ಮಕ್ಕಳನ್ನು ನೋಡಿದರು, ಬಾಗಿಲುಗಳಲ್ಲಿ ನಿಂತ ಜನರನ್ನು ನೋಡಿದರು, ಬೇಡ ಬೇಡ ಎಂದು ಕೈಯಾಡಿಸುತ್ತಿದ್ದ ಹೆಂಡತಿಯನ್ನೂ ನೋಡಿದರು. ಆಮೇಲೆ, ಮೇಲಿನ ಮಹಡಿಯವರಿಗೆ ಕೇಳಿಸಿತೋ ಇಲ್ಲವೋ ಎಂದು ಅನುಮಾನ ಬಂದು, ಕತ್ತೆತ್ತಿ ಇನ್ನೊಮ್ಮೆ ಕೂಗಿದರು.